ಹೆಸರು ಕೊರೆದ ತಟ್ಟೆ

ಲೊಕ್ಕನಹಳ್ಳಿಯ ಮಾರಯ್ಯನ ಮನೆಯಲ್ಲಿ ಯಾವ ಸಾಮಾನೂ ನೆಟ್ಟಗೆ ಸಾಯುವಂತಿಲ್ಲ. ಒಡೆದ ಡ್ರಮ್ಮು ಕೋಳಿಗೂಡಾಗುತ್ತದೆ, ಸೋರುವ ಕುಕ್ಕರಿನಲ್ಲಿ ಕರಿಬೇವು ಚಿಗುರುತ್ತದೆ, ಹಳೇ ಟೈರಿನಲ್ಲಿ ಎಮ್ಮೆ ನೀರು ಕುಡಿಯುತ್ತದೆ. ಹೆಂಡತಿ ಪುಟ್ಟಗೌರಮ್ಮ ಬೈದೂ ಬೈದೂ ಸೋತಿದ್ದಾಳೆ. "ನಾನ್ ಅಳೇವ್ಳಾದ್ರೆ ನನ್ನೂ ಏನಾರ ಮಾಡ್ಬುಡ್ತೀಯ ಕಣಯ್ಯ ನೀನು!"

ಈ ಸಲ ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ಕಾಟ ಶುರುವಾಯಿತು. ಮಾರಯ್ಯ ಸುಮ್ಮನೆ ಕೂರುವ ಆಸಾಮಿಯೇ? ಕೆಟ್ಟ ಫ್ಯಾನಿನ ರೆಕ್ಕೆ, ಸೈಕಲ್ ಚಕ್ರ, ಮುರಿದ ಸೌಟು ಜೋಡಿಸಿ ಒಂದು ಯಂತ್ರ ಮಾಡಿದ. ಗಾಳಿಗೆ ರೆಕ್ಕೆ ತಿರುಗಿದರೆ ಸೌಟು ತಟ್ಟೆಗೆ ಬಡಿಯಬೇಕು. ಹಳೇ ತಟ್ಟೆಯೊಂದೇ ಸಿಗಲಿಲ್ಲ. ಪಕ್ಕದ ಹೊಲದ ಗೋವಿಂದಮ್ಮ ಅಟ್ಟದಿಂದ ಸೊಟ್ಟಗಾದ ಸ್ಟೀಲ್ ತಟ್ಟೆ ಇಳಿಸಿ ತಂದಳು. ಅಂಚಿನಲ್ಲಿ 'ಮಾದಯ್ಯ' ಎಂದು ಕೊರೆದಿತ್ತು. ತೀರಿಕೊಂಡ ಗಂಡನದು.

"ತಕ್ಕೋ ಕಣಪ್ಪ. ಮೂಲೇಲಿ ಬಿದ್ದಿರೋ ಬದ್ಲು ಯಾರ್ಗಾರ ಆಗ್ಲಿ."

ತಟ್ಟೆ ಢಣ್ ಢಣ್ ಅಂದದ್ದೇ ತಡ, ಹಂದಿಗಳು ಮಾರಯ್ಯನ ಹೊಲದ ಸಹವಾಸ ಬಿಟ್ಟವು. ಊರವರು ನೋಡಿ ಭಲೇ ಎಂದರು, ಇವನು ಮೀಸೆ ತಿರುವಿದ. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಗೋವಿಂದಮ್ಮನ ಅರ್ಧ ಹೊಲ ಮಕಾಡೆ ಮಲಗಿತ್ತು. ಹಂದಿಯ ಹೆಜ್ಜೆಗಳು ಮಾರಯ್ಯನ ಬದುವಿನ ತನಕ ಬಂದು, ಸದ್ದಿಗೆ ಬೆದರಿ, ಸರಕ್ಕನೆ ಅವಳ ಹೊಲದತ್ತ ತಿರುಗಿದ್ದವು.

ಮಾರಯ್ಯ ಮಾಡಿದ್ದೇನು? ಆ ಹೆಜ್ಜೆಗಳನ್ನು ಕಾಲಿನಿಂದ ಅಳಿಸಿಬಿಟ್ಟ! ಥೂ, ಯಾಕೆ ಹಾಗೆ ಮಾಡಿದೆನೋ ಎಂದು ಆಮೇಲೆ ತನಗೆ ತಾನೇ ಉಗಿದುಕೊಂಡ. ಆವತ್ತಿನಿಂದ ಗೋವಿಂದಮ್ಮ ಹಂದಿಗೆ ಹಿಡಿಶಾಪ ಹಾಕಿದರೆ ಇವನು ಮುಖ ತಿರುವಿಕೊಂಡು ದಾರಿ ಬದಲಿಸುವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ತಟ್ಟೆ ಬಡಿದಾಗಲೆಲ್ಲ ಸತ್ತ ಮಾದಯ್ಯನೇ ಕರೆದು ವಿಚಾರಿಸಿದಂತಾಗುವುದು.

ಆರು ದಿನ ಹೀಗೆ ಬೆಂದು, ಏಳನೇ ದಿನ ಯಂತ್ರವನ್ನು ಹೊತ್ತು ಅವಳ ಹೊಲಕ್ಕೆ ಹೋದ. ನಿಜ ಹೇಳುವ ಧೈರ್ಯ ಆಗಲೂ ಇರಲಿಲ್ಲ.

"ಅಕ್ಕ, ಇದ್ನ ನಿನ್ನೊಲದಲ್ಲಿ ನೆಡ್ತೀನಿ. ಉಳ್ದಿರೋದಾರ ಕೈಗೆ ಸಿಕ್ಲಿ."

ಗೋವಿಂದಮ್ಮ ಕೈ ಅಡ್ಡ ಹಿಡಿದಳು. "ಬ್ಯಾಡ ಕಣಪ್ಪ. ಇಲ್ಲಿ ಸದ್ದಾದ್ರೆ ಅವು ನಿನ್ನೊಲಕ್ಕೆ ನುಗ್ತವೆ. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ರ ಅನ್ನಕ್ಕೆ ಕಲ್ಲಾಕಾದಾ?"

ಮಾರಯ್ಯ ತಲೆ ತಗ್ಗಿಸಿದ. ಅವನು ಆರು ದಿನ ನುಂಗಿಕೊಂಡಿದ್ದ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಆಡಿಬಿಟ್ಟಿದ್ದಳು.

"ನಿನ್ನೊಲಕ್ಕೆ ನುಗ್ಗಿದ್ದೂ ಅಂಗೇ ಅಕ್ಕ. ನಂಗೆ ಗೊತ್ತಿತ್ತು. ಎಜ್ಜೆ ಅಳ್ಸಿದ್ದೂ ನಾನೇ."

ಗೋವಿಂದಮ್ಮ ಯಂತ್ರದಿಂದ ತಟ್ಟೆ ಬಿಚ್ಚಿಕೊಂಡಳು. ಗಂಡನ ಹೆಸರನ್ನು ಸೆರಗಿನಿಂದ ಒರೆಸಿ ಮನೆಯ ಕಡೆ ನಡೆದಳು.

ಮಾರಯ್ಯ ಮನೆಗೆ ಹೋಗಿ ತಾನು ಉಣ್ಣುವ ತಟ್ಟೆಯನ್ನು ತಂದ. ಅದನ್ನೇ ಕಟ್ಟಿ ಯಂತ್ರವನ್ನು ಅವಳ ಹೊಲದಲ್ಲಿ ನೆಟ್ಟ. ಮೂರೇ ದಿನಕ್ಕೆ ಹಂದಿಗಳು ಅವನ ಜೋಳ ಮುಗಿಸಿದವು. ಗೋವಿಂದಮ್ಮ ಇನ್ನೂ ಅವನನ್ನು ಮಾತಾಡಿಸಿಲ್ಲ.

"ತಟ್ಟೆ ಎಲ್ಲಯ್ಯ?" ಎಂದು ಪುಟ್ಟಗೌರಮ್ಮ ಕೇಳಿದಾಗ ಅವನು ಊಟಕ್ಕೆ ಮುತ್ತುಗದ ಎಲೆ ಹಾಕಿಕೊಂಡು ಕುಳಿತಿದ್ದ.

"ಗೋವಿಂದಕ್ಕನ ಒಲ ಕಾಯ್ತಾ ಅದೆ. ಇಕ್ಕು."