ರಸ್ತೆಯ ಮಧ್ಯದಲ್ಲಿ ದೊಡ್ಡಮ್ಮ

ಮಣಿಪಾಲದಲ್ಲಿ ನಿಂತು ಕಾರ್ಕಳದ ಬಸ್ಸುಗಳನ್ನು ಒಂದೊಂದಾಗಿ ಬಿಟ್ಟುಬಿಡುವುದು ಈಗ ನನಗೆ ಅಭ್ಯಾಸವಾಗಿದೆ. ಹಿಂದಿನಿಂದ ಯಾರಾದರೂ ಬೆನ್ನಿಗೆ ತಾಗಿದರೆ ಸಾಕು, ಉಸಿರು ಅಲ್ಲೇ ನಿಲ್ಲುತ್ತದೆ. ಮೊನ್ನೆ ಉಡುಪಿಯಲ್ಲಿ ಶಂಕರಪುರದ ಹೆಂಗಸೊಬ್ಬರು ಮಲ್ಲಿಗೆಯ ಕಟ್ಟನ್ನು ಎದೆಗೊತ್ತಿಕೊಂಡು ನನ್ನನ್ನು ದಾಟಿ ಬಸ್ಸು ಹತ್ತಿದರು. ಅವರ ಮೊಣಕೈ ತಾಗಿದ ಜಾಗದ ಮೇಲೆ ಸಂಜೆಯವರೆಗೂ ಕೈ ಇಟ್ಟುಕೊಂಡೇ ಇದ್ದೆ. "ಹತ್ತುವುದಾ ಇಲ್ವಾ ಮಾರಾಯ್ರೆ" ಎಂದು ಕೇಳಿದ ಕಂಡಕ್ಟರು ಉತ್ತರಕ್ಕೆ ಕಾಯದೆ ಸೀಟಿ ಊದಿದ್ದರು.

ಈ ಶನಿವಾರ ಮೂರನೆಯ ಬಸ್ಸು ಹತ್ತಿದೆ. ಹತ್ತಲೇಬೇಕಿತ್ತು. ದೊಡ್ಡಮ್ಮನಿಗೆ ಬಂದ ಹೊಸ ಆಹ್ವಾನವೊಂದು ಹನ್ನೊಂದು ದಿನಗಳಿಂದ ನನ್ನ ಮೊಬೈಲಿನಲ್ಲಿ ಕೂತಿತ್ತು. ಅವಳಿಗೆ ಹೇಳಿರಲಿಲ್ಲ. ಸಂಜೆಯೊಳಗೆ ಉತ್ತರ ಕಳುಹಿಸಬೇಕಿತ್ತು.

ನಾವು ಕೊರಗರು, ಈ ಕರಾವಳಿಯ ಆದಿವಾಸಿಗಳು. ದೊಡ್ಡಮ್ಮನ ಮನೆ ಕಾರ್ಕಳದಿಂದಾಚೆ, ಕಾಡಿನಂಚಿನ ಕಾಲೊನಿಯಲ್ಲಿ. ಕಾಡಿನ ಬಳ್ಳಿ ತಂದು, ನೀರಿನಲ್ಲಿ ನೆನೆಸಿ, ಬುಟ್ಟಿ ಹೆಣೆಯುವುದು ಅವಳ ಕೆಲಸ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಕಾಲೇಜಿನವರೆಗೆ ಓದಿಸಿದವಳೂ ಅವಳೇ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಎದುರಿನಿಂದ ಯಾರೇ ಬರಲಿ, ದೊಡ್ಡಮ್ಮ ರಸ್ತೆ ಬಿಟ್ಟು ಬದಿಯ ಹುಲ್ಲಿಗೆ ಇಳಿದು ನಿಲ್ಲುತ್ತಿದ್ದಳು, ತಲೆಯ ಮೇಲಿನ ಬುಟ್ಟಿಯ ಸಮೇತ. ಅವಳ ಅಜ್ಜಿಯನ್ನು ಮೇಲ್ಜಾತಿಯವರು ಕೂಗಿ ಇಳಿಸುತ್ತಿದ್ದರಂತೆ. ಈಗ ಯಾರೂ ಕೂಗುವುದಿಲ್ಲ, ಆದರೆ ಅವಳ ಕಾಲಿಗೆ ಕೂಗು ಬೇಕಾಗಿರಲಿಲ್ಲ. ನನ್ನನ್ನು ನೋಡಲು ಮಣಿಪಾಲದ ಹಾಸ್ಟೆಲಿಗೆ ಬಂದಾಗ, ಮೊಮ್ಮಕ್ಕಳ ಪ್ರಾಯದ ಹುಡುಗಿಯರಿಗೆ ದಾರಿ ಬಿಟ್ಟು ಚರಂಡಿಯ ಅಂಚಿನಲ್ಲಿ ನಿಂತಿದ್ದಳು. ಆ ಹುಡುಗಿಯರು ಇವಳನ್ನು ಗಮನಿಸಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲೆ.

ಇದಕ್ಕೆ ಮೊದಲು ಕಠ್ಮಂಡುವಿನ ಸಮಾವೇಶಕ್ಕೆ ಕರೆ ಬಂದಾಗ ಆ ಸಿಟ್ಟಿಗೊಂದು ಕೆಲಸ ಸಿಕ್ಕಿತು. ಅನೇಕ ದೇಶಗಳ ಆದಿವಾಸಿಗಳು, ದಲಿತರು, ಪೌರಕಾರ್ಮಿಕರು ಸೇರುವ ಜಾಗ ಅದು. ದೊಡ್ಡಮ್ಮ ಕಾಡಿನ ಬಳ್ಳಿಯ ಬಗ್ಗೆ ಮಾತಾಡಬೇಕು, ನಾನು ಅದನ್ನು ಇಂಗ್ಲಿಷಿಗೆ ತರಬೇಕು. ಮೊದಲ ದಿನ ಎಲ್ಲರೂ ಒಟ್ಟಾಗಿ ಮೆರವಣಿಗೆ ಹೋಗುವುದೆಂದು ಇತ್ತು. ಅಲ್ಲಿಯೂ ಇವಳು ಬದಿಗೆ ನಿಂತರೆ ಎಂಬುದೊಂದೇ ನನ್ನ ಚಿಂತೆ.

ಎರಡು ತಿಂಗಳು ಪ್ರತಿ ಭಾನುವಾರ ಅವಳನ್ನು ನಡೆಸಿದೆ. ಕಾರ್ಕಳದ ಪೇಟೆಯಲ್ಲಿ, ಕಾಪು ಬೀಚಿನಲ್ಲಿ ದೀಪಸ್ತಂಭ ನೋಡಲು ಬರುವ ಜನರ ನಡುವೆ, ಮೊಣಕೈ ಹಿಡಿದು ನಡೆಸಿದೆ. ಅವಳು ಸರಿಯಲು ಹೊರಟಾಗಲೆಲ್ಲ ಕೈ ಬಿಗಿ ಮಾಡುತ್ತಿದ್ದೆ. "ನಿನಗೆ ಎಂತ ಮರುಳು" ಎಂದು ಬಯ್ಯುತ್ತಿದ್ದಳು. ಒಂದು ಸಂಜೆ ಕಾಪುವಿನಲ್ಲಿ ಐಸ್‌ಕ್ರೀಮ್ ಹಿಡಿದ ಗಂಡಸೊಬ್ಬ ಇವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನು ನೆನೆದು ನೆನೆದು ನಕ್ಕಳು.

ಕಠ್ಮಂಡುವಿನಲ್ಲಿ ಮೆರವಣಿಗೆಯ ದಿನ ಅವಳು ನಿಜಕ್ಕೂ ಮಧ್ಯದಲ್ಲಿಯೇ ನಡೆದಳು. ಪ್ರದರ್ಶನಕ್ಕೆಂದು ತಂದ ದೊಡ್ಡ ಬುಟ್ಟಿ ಸೊಂಟದ ಮೇಲಿತ್ತು. ಮೈದಾನದ ಗೇಟಿನ ಹತ್ತಿರ ರಸ್ತೆ ಕಿರಿದಾಯಿತು. ಒಳಗೆ ಏನೋ ಸಿಡಿದ ಸದ್ದು ಕೇಳಿತು. ಏನೆಂದು ಈಗಲೂ ಗೊತ್ತಿಲ್ಲ. ಒಳಗಿದ್ದವರು ಹೊರಗೆ ಓಡಿಬಂದರು, ಹಿಂದಿನವರಿಗೆ ಅದು ಕಾಣಲಿಲ್ಲ, ಹಾಡುತ್ತಾ ಮುಂದಕ್ಕೆ ಬರುತ್ತಲೇ ಇದ್ದರು. ಎಡಗಡೆ ಒಂದು ಅಂಗಡಿಯ ಮೂರು ಮೆಟ್ಟಿಲುಗಳಿದ್ದವು. ಮೇಲೆ ಜಾಗ ಖಾಲಿ ಇತ್ತು. ದೊಡ್ಡಮ್ಮನ ಕಾಲು ಆ ಕಡೆಗೆ ತಿರುಗಿದ್ದನ್ನು ನಾನು ನೋಡಿದೆ.

ಮೊಣಕೈ ಬಿಗಿಹಿಡಿದು ಹೇಳಿದೆ: "ಸರಿಯಬೇಡ."

ಅವಳು ಸರಿಯಲಿಲ್ಲ.

ಮುಂದಿನದು ನನಗೆ ಕ್ರಮವಾಗಿ ನೆನಪಿಲ್ಲ, ಆದರೂ ದಿನಕ್ಕೆ ಎಷ್ಟೋ ಸಲ ಬರುತ್ತದೆ. ನನ್ನ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಯಾರದೋ ಬ್ಯಾನರಿನ ಒದ್ದೆ ಬಟ್ಟೆ ಬಾಯಿಗೆ ಒತ್ತಿಕೊಂಡಿತ್ತು. ಬುಟ್ಟಿ ಮುರಿಯುವ ಸದ್ದು ಕೇಳಿತು, ಆಮೇಲೆ ಅವಳ ಮೊಣಕೈ ನನ್ನ ಕೈಯಲ್ಲಿ ಇರಲಿಲ್ಲ. ಯಾರೋ ಅವಳನ್ನು ಕಬ್ಬಿಣದ ಬೇಲಿಯ ಮೇಲಿಂದ ಎತ್ತಿ ಆಚೆ ಇಳಿಸಿದರಂತೆ. ಆಸ್ಪತ್ರೆಯಲ್ಲಿ ಸಿಕ್ಕಳು, ಎರಡು ಪಕ್ಕೆಲುಬು ಮುರಿದಿತ್ತು. ಮೂರನೆಯ ದಿನ ಕುರ್ಚಿಯಲ್ಲಿ ಕೂತು, ನಡುನಡುವೆ ಉಸಿರು ಹಿಡಿದು, ಬಳ್ಳಿಯ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿದಳು. ಅವಳ ಧ್ವನಿ ಗಟ್ಟಿಯಾಗಿತ್ತು, ನಡುಗಿದ್ದು ಭಾಷಾಂತರ ಮಾಡುತ್ತಿದ್ದವಳದು.

ಆ ಮೂರು ಮೆಟ್ಟಿಲುಗಳನ್ನು ನಾನು ಎಷ್ಟು ಸಲ ಹತ್ತಿದ್ದೇನೋ. ಆಫೀಸಿನಲ್ಲಿ ಫೈಲು ತೆರೆದು ಕೂತಲ್ಲೇ ಹತ್ತುತ್ತೇನೆ. ಅವಳಿಗೆ ಗೊತ್ತಿತ್ತು. ಅವಳ ಕಾಲಿಗೆ ಗೊತ್ತಿತ್ತು. ತಡೆದದ್ದು ನನ್ನ ಓದು.

ಶನಿವಾರ ನಾನು ಹೋದಾಗ ಅಂಗಳದಲ್ಲಿ ಕೂತು ಬಳ್ಳಿ ಸೀಳುತ್ತಿದ್ದಳು. ಇನ್ನೊಂದು ದೇಶದಲ್ಲಿ ಇನ್ನೊಂದು ಸಮಾವೇಶ ಉಂಟು, ಕರೆದಿದ್ದಾರೆ ಎಂದೆ. ಹೋಗುವುದು ಬೇಡ ಎಂದು ಬರೆಯುತ್ತೇನೆ ಎಂದೂ ಸೇರಿಸಿದೆ.

"ಕರೆದದ್ದು ಯಾರನ್ನು?"

"ನಿನ್ನನ್ನು."

"ಮತ್ತೆ ಬೇಡ ಎನ್ನಲು ನೀನು ಯಾರು?"

ಪಕ್ಕೆಲುಬಿನ ಮಾತೆತ್ತಿದೆ. ಮೆಟ್ಟಿಲುಗಳ ವಿಷಯವನ್ನೂ ಮೊದಲ ಬಾರಿಗೆ ಹೇಳಿಬಿಟ್ಟೆ: ನಾನು ನೋಡಿದ್ದೆ, ನೋಡಿಯೂ ತಡೆದೆ ಎಂದು. ಅವಳು ಕತ್ತಿ ಕೆಳಗಿಟ್ಟಳು.

"ಗೊತ್ತುಂಟು. ನನಗೂ ಕಂಡಿತ್ತಲ್ಲ ಅದು. ನಿನ್ನ ಮಾತು ಕೇಳಿ ನಿಂತದ್ದಾ ನಾನು? ಒಂದು ಸಲವಾದರೂ ನಿಂತು ನೋಡುವ ಅಂತ ಆಯಿತು. ನಿಂತೆ." ಮತ್ತೆ ಬಳ್ಳಿ ಕೈಗೆತ್ತಿಕೊಂಡು ಹೇಳಿದಳು: "ಈ ಸಲ ಎಲ್ಲಿ ಸರಿಯಬೇಕು, ಎಲ್ಲಿ ನಿಲ್ಲಬೇಕು, ನಾನೇ ನೋಡಿಕೊಳ್ಳುತ್ತೇನೆ. ನೀನು ಕೈ ಹಿಡಿಯಲಿಕ್ಕೆ ಬರಬೇಡ. ಬರೆ ಈಗ."

ದೊಡ್ಡಮ್ಮ ಬರುತ್ತಾಳೆ ಎಂದು ಅವಳೆದುರೇ ಬರೆದೆ. ಜೊತೆಗೆ ಬರುವವರ ಹೆಸರು ಎಂಬ ಜಾಗವನ್ನು ಖಾಲಿ ಬಿಟ್ಟು ಕಳುಹಿಸಿದೆ. ಅವಳಿಗೆ ಅದನ್ನು ಹೇಳಲಿಲ್ಲ.

ಬಸ್ಸಿನವರೆಗೆ ಬಿಡಲು ಬಂದಳು. ತಿರುವಿನಲ್ಲಿ ಎದುರಿನಿಂದ ಜೀಪೊಂದು ಬಂತು. ಜೀಪು ಹಾರ್ನ್ ಹಾಕಿ, ನಿಧಾನ ಮಾಡಿ, ಬಳಸಿಕೊಂಡು ಹೋಯಿತು. ಧೂಳು ಇಳಿದಾಗ ದೊಡ್ಡಮ್ಮ ರಸ್ತೆಯಲ್ಲಿಯೇ ಇದ್ದಳು, ನನ್ನ ಕಡೆ ನೋಡುತ್ತಿದ್ದಳು. ನಾನು ಚರಂಡಿಯಾಚೆ, ಮೊಣಕಾಲೆತ್ತರದ ಹುಲ್ಲಿನಲ್ಲಿ ನಿಂತಿದ್ದೆ.

"ಎಂತ, ಅಲ್ಲಿಯೇ ಇರುವುದಾ?"

ಬರುತ್ತೇನೆ ಎಂದೆ. ಬಸ್ಸಿನ ಸದ್ದು ಹತ್ತಿರವಾಗುತ್ತಿತ್ತು, ಕಾಲು ಇನ್ನೂ ಕೀಳಲಾಗುತ್ತಿರಲಿಲ್ಲ.