ಗೂಡಿನ ಮೇಲಿನ ತಂಗಡಿ ಟೊಂಗೆ

ನಮ್ಮ ಮಾವನವರ ಎಡಗಣ್ಣು ಊಟಕ್ಕೆ ಕುಳಿತಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಬಂದೂಕಿನ ಗುರಿ ಹಿಡಿದು ಹಿಡಿದು ಆ ರೆಪ್ಪೆಗೆ ಅದೇ ರೂಢಿಯಾಗಿಬಿಟ್ಟಿತ್ತು. ಹುನಗುಂದದ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ನಾನು ತಾಟಿಗೆ ಹಾಕಿದ ರೊಟ್ಟಿಯನ್ನು ಅವರು ಒಂದೇ ಕಣ್ಣಿನಿಂದ ಅಳೆದು ನೋಡುತ್ತಿದ್ದರೆ, ಸರಿಯಾಗಿ ಬೆಂದಿಲ್ಲವೇನೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಅತ್ತೆ ಬಾಗಿಲ ಹಿಂದೆ ನಿಂತು ನಗುತ್ತಿದ್ದರು. "ಹೆದರಬ್ಯಾಡ ಬೇ. ರೊಟ್ಟಿ ಓಡಿ ಹೋಗೂದಿಲ್ಲ ಅನ್ನೂದು ಆತಗ ಇನ್ನಾ ಗೊತ್ತಾಗಿಲ್ಲ" ಎನ್ನುತ್ತಿದ್ದರು.

ಬಾದಾಮಿಯಿಂದ ಮಹಾಕೂಟದ ಕಡೆ ಹೋಗುವ ಗುಡ್ಡಸಾಲಿನ ಬುಡದಲ್ಲಿ ನಮ್ಮ ಊರು. ನಮ್ಮದು ಬೀರಪ್ಪನ ಒಕ್ಕಲು. ಒಂದಿಷ್ಟು ಕುರಿ, ಗುಡ್ಡಕ್ಕೆ ಹೊಂದಿಕೊಂಡ ಒಂದು ಶೇಂಗಾದ ಹೊಲ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಹೊಲದ ಮೇಲುಗಡೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದು ಇತ್ತು. ಕಾಡುಹಂದಿಗಳು ಹೊಲಕ್ಕೆ ಇಳಿಯುತ್ತಿದ್ದುದು ಅದೇ ದಾರಿಯಲ್ಲಿ. ಆ ಸಂದಿನ ಎದುರಿಗೆ, ಸರಕಾರಿ ಗುಡ್ಡದ ಮೇಲೆ, ಮಾವನವರು ತಮ್ಮ ಹರೆಯದಲ್ಲಿ ಕಲ್ಲು ಹೊತ್ತು ಒಂದು ಮರೆ ಕಟ್ಟಿದ್ದರು. ಎದೆಮಟ್ಟದ ಗೋಡೆ, ಒಬ್ಬಿಬ್ಬರು ಕೂರುವಷ್ಟು ಜಾಗ, ಬಂದೂಕಿನ ನಳಿಗೆ ಹೊರಗೆ ಚಾಚಲು ಒಂದು ಕಿಂಡಿ. ಊರಲ್ಲಿ ಅದಕ್ಕೆ ಗೂಡು ಎನ್ನುತ್ತಿದ್ದರು. ಬೆಳೆ ಕಾಯಲೆಂದು ಲೈಸೆನ್ಸ್ ಸಿಕ್ಕಿದ್ದ ಒಂಟಿ ನಳಿಗೆಯ ಬಂದೂಕು ಹಿಡಿದು ಅವರು ನಸುಕಿನಲ್ಲಿ ಅಲ್ಲಿ ಹೋಗಿ ಕುಳಿತರೆ ನಮ್ಮ ಹೊಲ ಉಳಿಯುತ್ತಿತ್ತು.

ಕಟ್ಟಿದವರು ಅವರೇ ಆದರೂ ಅದು ತಮ್ಮದೆಂದು ಒಂದು ದಿನವೂ ಹೇಳಲಿಲ್ಲ. ನಾವು ಯಾರಾದರೂ "ನಮ್ಮ ಗೂಡು" ಎಂದರೆ ತಕ್ಷಣ ತಿದ್ದುತ್ತಿದ್ದರು. "ಗುಡ್ಡ ಸರಕಾರದ್ದು, ಕಲ್ಲ ಗುಡ್ಡದ್ದು. ಅದರಾಗ ನಮ್ಮದೇನೈತಿ? ಅವತ್ತ ಯಾಂವ ಮೊದಲ ಕುಂತಾನ, ಅವತ್ತ ಅದು ಅವಂದು."

ಅದಕ್ಕೆ ಅವರ ಕಾಲದ ಬೇಟೆಗಾರರೆಲ್ಲ ಒಪ್ಪಿಕೊಂಡ ಕಟ್ಟಳೆಯಿತ್ತು. ಮೊದಲು ಬಂದವನು ಹಸಿ ತಂಗಡಿ ಗಿಡದ ಒಂದು ಟೊಂಗೆ ಮುರಿದು ಗೋಡೆಯ ಹಿಂಬದಿಯ ಕಲ್ಲುಸಂದಿಗೆ ಸಿಗಿಸಬೇಕು. ಆಮೇಲೆ ಬಂದವನು ಅದನ್ನು ದೂರದಿಂದಲೇ ಕಂಡು ತಿರುಗಬೇಕು. ಕರೆಯಬಾರದು, ಕೆಮ್ಮಲೂಬಾರದು. ಕುಳಿತವನು ಇಳಿದು ಹೋಗುವಾಗ ಟೊಂಗೆ ಕಿತ್ತು ಎಸೆಯಬೇಕು. ಬೇಟೆ ಸಿಕ್ಕಿದ್ದರೆ, ಸದ್ದಿಲ್ಲದೆ ತಿರುಗಿ ಹೋದವನ ಮನೆಗೆ ಒಂದು ಪಾಲು ಕಳಿಸಬೇಕು. ಅವನು ಸುಮ್ಮನೆ ತಿರುಗಿದ್ದರಿಂದಲೇ ಬೇಟೆಯಾಯಿತು ಎಂಬುದು ಅವರ ನ್ಯಾಯ. "ನಾ ಬಂದಿದ್ದೆ" ಎಂದು ಆತ ಬಾಯಿಮಾತಿನಲ್ಲಿ ಹೇಳಿದರೆ ಸಾಕು, ನಂಬಬೇಕು.

ಈ ನಂಬುವ ಪದ್ಧತಿ ನನ್ನ ಹೊಟ್ಟೆ ಉರಿಸಿದಷ್ಟು ಆ ಮನೆಯ ಇನ್ನಾವುದೂ ಉರಿಸಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಪುಣ್ಯಾತ್ಮನಿದ್ದ. ಬಂದೂಕು ಹಾಳಾಗಲಿ, ಅವನ ಮನೆಯಲ್ಲಿ ನೆಟ್ಟಗಿನ ಕುಡುಗೋಲೂ ಇರಲಿಲ್ಲ. ಮಾವನವರು ಹಂದಿ ಹೊಡೆದ ಸುದ್ದಿ ಕಿವಿಗೆ ಬಿದ್ದದ್ದೇ ತಡ, "ನಾನೂ ಬಂದಿದ್ದೆ ಹಿರ್ಯಾ, ಟೊಂಗಿ ನೋಡಿ ತಿರಗಿದೆ" ಎಂದು ಪಾತ್ರೆ ಹಿಡಿದೇ ಹಾಜರಾಗುತ್ತಿದ್ದ. ಖಾರ ಅರೆದು ಕೈ ಉರಿಸಿಕೊಂಡವಳು ನಾನು, ತೊಡೆಯ ಮಾಂಸ ಅವನ ಮನೆಗೆ! ಅತ್ತೆ ಗೊಣಗಿದರೆ ಮಾವನವರ ಉತ್ತರ ಸಿದ್ಧವಾಗಿರುತ್ತಿತ್ತು: "ಬಂದೂಕ ಇಲ್ಲದಿದ್ರ ಏನಾತು? ತಿರಗಿದ್ದು ಖರೆ ಐತೆಲ್ಲ." ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ನಮ್ಮ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತದೆ ಎಂದು ನಾನು ತವರಿಗೆ ಹೋದಾಗ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ನಗು ನಿಂತದ್ದು ಪಕ್ಕದ ಊರಿಗೆ ಒಬ್ಬ ಮಿಲ್ಟ್ರಿಯವನು ನಿವೃತ್ತನಾಗಿ ಬಂದ ವರ್ಷ. ಜೋಡಿ ನಳಿಗೆಯ ಬಂದೂಕು, ಕಬ್ಬಿಣದ ಮೊಳೆ ಹೊಡೆದ ಬೂಟು, ಬಾಗಲಕೋಟೆಯಿಂದ ಜೀಪಿನಲ್ಲಿ ಬರುವ ಗೆಳೆಯರು. ಕಟ್ಟಳೆಯನ್ನು ಆತ ಬಲುಬೇಗ ಕಲಿತ. ಕಲಿತದ್ದು ಅರ್ಧ, ಅದೂ ತನಗೆ ಬೇಕಾದ ಅರ್ಧ. ಹಿಂದಿನ ದಿನ ಮಧ್ಯಾಹ್ನವೇ ಗುಡ್ಡ ಹತ್ತಿ, ಖಾಲಿ ಗೂಡಿಗೆ ಟೊಂಗೆ ಸಿಗಿಸಿ, ಮನೆಗೆ ಹೋಗಿ ಗೊರಕೆ ಹೊಡೆಯುತ್ತಿದ್ದ. ಬಾದಾಮಿ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಮರುದಿನ ಬಿಸಿಲೇರಿದ ಮೇಲೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ನಮ್ಮ ಮಾವನವರು ನಸುಕಿನಲ್ಲಿ ಗುಡ್ಡ ಹತ್ತುವುದು, ಹಸಿರು ಟೊಂಗೆ ಕಾಣುವುದು, ಕೆಮ್ಮು ನುಂಗಿಕೊಂಡು ಇಳಿದು ಬರುವುದು. ಅವರ ಬೆನ್ನ ಹಿಂದೆಯೇ ಹಂದಿಗಳು ಇಳಿದು ಶೇಂಗಾದ ಸಾಲನ್ನು ಮೂತಿಯಿಂದ ಉತ್ತು ಹಾಕುವುದು. ಕಾಯಿ ಬಲಿಯುವ ಹೊತ್ತು ಅದು. ಬೆಳಿಗ್ಗೆ ಹೊಲಕ್ಕೆ ಹೋದರೆ ಬುಡ ಮೇಲಾದ ಬಳ್ಳಿಗಳನ್ನು ನೋಡಿ ನನಗೆ ಅಳು ಬರುತ್ತಿತ್ತು. ಮನೆಗೆ ಬಂದರೆ ಮಾವನವರು ಕಟ್ಟೆಯ ಮೇಲೆ ಶಾಂತವಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ನಮ್ಮ ಮನೆಯವರು ಒಂದು ದಿನ ತಡೆಯಲಾರದೆ ಕೇಳಿದರು. "ಒಳಗ ಯಾರೂ ಇಲ್ಲಂತ ಕಣ್ಣಾರೆ ನೋಡಿ ಬಂದೀನಿ ಯಪ್ಪಾ. ಖಾಲಿ ಗೂಡಿಗೆ ಅಂಜಿ ತಿರಗಿ ಬರ್ತಿ?"

"ಟೊಂಗಿ ಎಲಿ ಹಸರ ಐತಿ ಅಂದ್ರ ಒಳಗ ಮನಷ್ಯಾ ಅದಾನ" ಎಂದರು ಮಾವನವರು. "ಇಲ್ಲಾ ಅಂತ ಒಮ್ಮಿ ಅನಕೊಂಡಿ ಅಂದ್ರ, ಇರೂ ದಿನಾನೂ ಹಂಗ ಅನಕೋತಿ."

ಕೊನೆಗೆ ಅತ್ತೆಯ ಕಾಟಕ್ಕೆ ಬೀರಪ್ಪನ ಗುಡಿಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದರು. ಮಿಲ್ಟ್ರಿಯವನೂ ಬಂದ. ನಾವು ಹೆಂಗಸರು ಬೇವಿನ ಗಿಡದ ಕೆಳಗೆ ಕೂತು ಕೇಳುತ್ತಿದ್ದೆವು.

"ಟೊಂಗಿ ಇಟ್ಟವಂದ ಜಾಗಾ ಅಂತ ನೀವ ಅಂತೀರಿ" ಎಂದ ಆತ. "ನಾ ಟೊಂಗಿ ಇಟ್ಟೀನಿ. ಏನ ತಪ್ಪಾತ್ರಿ?"

"ಟೊಂಗಿ ಇಟ್ಟಾಂವ ಒಳಗ ಇರಬೇಕ್ರಿ" ಎಂದರು ನಮ್ಮ ಮನೆಯವರು.

"ಎಷ್ಟೊತ್ತು ಇರಬೇಕ್ರಿ? ನೀರ ಕುಡ್ಯಾಕ ಹೋಗಿ ಬರಬಹುದೋ ಇಲ್ಲೋ? ಉಣ್ಣಾಕ? ಅದನ್ನೂ ಹೇಳಿಬಿಡ್ರಿ."

ಹಿರಿಯರು ಕಿಸಕ್ಕೆಂದು ನಕ್ಕರು. ಮಿಲ್ಟ್ರಿ ಕ್ಯಾಂಟೀನಿನ ಬಾಟಲಿಯ ರುಚಿ ಅವರಲ್ಲಿ ಹಲವರಿಗೆ ಆಗಲೇ ಹತ್ತಿತ್ತು, ಅವರಿಂದ ನ್ಯಾಯ ಎಲ್ಲಿ ಹುಟ್ಟಬೇಕು? ಮಾವನವರು ಎದ್ದು ನಿಂತು ಒಂದೇ ಮಾತು ಹೇಳಿದರು. "ಇದ್ದಾಗ ಇಡ್ರಿ, ಇಲ್ಲದಾಗ ತಗೀರಿ. ಅಷ್ಟ ಕೇಳ್ತೇನಿ."

"ಆತ್ರಿ ಹಿರ್ಯಾರ" ಎಂದು ಆತ ಕೈ ಮುಗಿದ. ಮರುದಿನ ಖಾಲಿ ಗೂಡಿನ ಮೇಲೆ ಮತ್ತೆ ಟೊಂಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಹಂದಿಗಳು ಹೊಲದ ನಡುವಿನವರೆಗೂ ಬಂದವು. ಅವತ್ತು ಸಂಜೆ ಊಟಕ್ಕೆ ಕುಳಿತಾಗ ನಮ್ಮ ಮನೆಯವರು ತಾಟು ಸರಿಸಿ ಹೇಳಿದರು: "ನಾಳಿ ನಸಕಿನ್ಯಾಗ ನಾ ಹೋಗಿ ಕುಂದರಾಂವ. ಟೊಂಗಿ ಇರಲಿ, ಅದರಪ್ಪ ಇರಲಿ." ನನಗೆ ಒಳಗೊಳಗೇ ಹಿಗ್ಗು. ಈ ಮನೆಯಲ್ಲಿ ಒಬ್ಬರಿಗಾದರೂ ರಕ್ತ ಬಿಸಿಯಿದೆಯಲ್ಲ ಎಂದುಕೊಂಡು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮಾವನವರು ತಲೆಯೆತ್ತಿ ಮಗನನ್ನು ನೋಡಿದರು. ಆ ಎಡಗಣ್ಣು ಪೂರ್ತಿ ತೆರೆದದ್ದನ್ನು ನಾನು ಕಂಡದ್ದು ಅವತ್ತೇ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡರು, ಹೊರಟುಬಿಟ್ಟರು. ಇನ್ನೂ ಬೆಳಕಿತ್ತು. ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ತಿರುಗಿ ಬಂದರು. ಕೈಯ ಉಗುರುಗಳು ಒಡೆದು ರಕ್ತ ಒಸರುತ್ತಿತ್ತು, ಕಂಬಳಿಯ ತುಂಬ ಕಲ್ಲಿನ ಧೂಳು.

"ಗೂಡ ಕೆಡವಿ ಬಂದೀನಿ. ಒಂದರ ಮ್ಯಾಲ ಒಂದ ಕಲ್ಲ ಇಲ್ಲ" ಎಂದರು ಮಗನಿಗೆ. "ಈಗ ಎಲ್ಲಿ ಕುಂದರ್ತಿ ಕುಂದರು."

ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯುವ ಕಾಲವಲ್ಲ ಅದು. ಆದರೂ ಹೊಸ್ತಿಲ ಈಚೆ ನಿಂತು ನಾನು ಕೇಳಿಯೇಬಿಟ್ಟೆ. "ಮಂದಿ ಹೊಲಾ ಅಲ್ರಿ ಅದು ಮಾಂವಾರ, ನಮ್ಮದು. ಹಂದಿ ಎಲ್ಲಾ ತಿಂದ್ರ ನಾವೇನ ತಿನ್ನೂಣ್ರಿ?"

"ಶೇಂಗಾ ಮುಂದಿನ ವರ್ಸ ಮತ್ತ ಬರ್ತಾವ ಯವ್ವಾ" ಎಂದರು. ಅಷ್ಟೇ. ಕೈಗೆ ಅರಿಶಿನ ಕೇಳಿ ಇಸಿದುಕೊಂಡು ಹೋಗಿ ಮಲಗಿದರು. ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತಿಕ್ಕಿದೆ.

ನಮ್ಮ ಮನೆಯವರಿಗೆ ನಂಬಿಕೆಯಾಗಲಿಲ್ಲ. ಮರುದಿನ ಮಬ್ಬುಗತ್ತಲಲ್ಲೇ ಗುಡ್ಡ ಹತ್ತಿ ಹೋದರು. ಹೊತ್ತು ಮೂಡುವಾಗ ತಿರುಗಿ ಬಂದು, ಒಂದು ತಂಬಿಗೆ ನೀರು ಗಟಗಟ ಕುಡಿದು, ಗೋಡೆಗೆ ಒರಗಿ ಕುಳಿತರು. ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು ಹೇಳಿದರು. ಮಿಲ್ಟ್ರಿಯವನು ಅವತ್ತು ಅಲ್ಲಿದ್ದ. ಬಾಗಲಕೋಟೆಯ ಗೆಳೆಯರು ನಸುಕಿನ ಬೇಟೆಯೇ ಆಗಬೇಕೆಂದು ಹಟ ಹಿಡಿದಿದ್ದರಂತೆ, ಅದಕ್ಕೆ ಎಂದೂ ಇಲ್ಲದಷ್ಟು ಬೇಗ ಬಂದಿದ್ದ. ಚೆಲ್ಲಾಡಿದ ಕಲ್ಲುಗಳ ನಡುವೆ, ತೋಟೆ ತುಂಬಿದ ಬಂದೂಕು ಹಿಡಿದು ಬೈಯುತ್ತ ನಿಂತಿದ್ದ. ನಿಂತಿದ್ದರಿಂದ ಇವರಿಗೆ ಕಂಡ, ಇವರೂ ಅವನಿಗೆ ಕಂಡರು.

"ಗೂಡ ಇದ್ದಿದ್ರ ಆತ ಒಳಗ ಕುಂತಿರ್ತಿದ್ದ" ಎಂದರು. "ಯಾರ ಕಣ್ಣಿಗೂ ಬೀಳಬಾರದಂತ ನಾ ಸಂದಿನ ಕಡಿಯಿಂದನ ಬಗ್ಗಿ ಹೊಂಟಿದ್ದೆ. ಕಿಂಡಿ ಮುಂದನ ಏರಾಂವ ಇದ್ದೆ."

ಸಂದಿನ ಕಡೆಯಿಂದ ಬಗ್ಗಿ ಬರುವುದು ಹಂದಿಯೊಂದೇ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಕರಿ ಆಗುವವರೆಗೂ ನನಗೆ ಎಚ್ಚರವಿರಲಿಲ್ಲ.

ಇದನ್ನು ಮೊದಲೇ ಬಾಯಿಬಿಟ್ಟು ಹೇಳಲು ಆ ಮನುಷ್ಯನಿಗೆ ಏನಾಗಿತ್ತು? ಮಗನ ಜೀವಕ್ಕೆ ಅಂಜಿ ಕೆಡವುತ್ತೇನೆ ಎಂದಿದ್ದರೆ ನಾನೇ ಇನ್ನೊಂದು ಹಾರೆ ಹಿಡಿದು ಹೋಗುತ್ತಿದ್ದೆನಲ್ಲ! ಅತ್ತೆ ಬೈದರು, ನಾನು ಪಾತ್ರೆ ಕುಕ್ಕಿದೆ, ಊರವರು "ಮುದುಕಗ ಅರುಳು ಮರುಳು" ಎಂದು ಆಡಿಕೊಂಡರು. ಎಲ್ಲವನ್ನೂ ಎಲೆ ಅಡಿಕೆಯ ಜೊತೆ ಅಗಿದು ನುಂಗಿದರು. ಒಮ್ಮೆ ನಾನು ಕೇಳಿದ್ದಕ್ಕೆ, "ಗುಡ್ಡದ ಮಾತ ಮನಿಗೆ ತರಬಾರದವ್ವಾ" ಎಂದು ಎದ್ದು ಹೋದರು. ಅದೂ ಒಂದು ಕಟ್ಟಳೆಯಂತೆ.

ಆ ವರ್ಷದ ಸುಗ್ಗಿ ಮುಗಿಯುವವರೆಗೂ ಅವರು ಹೊಲದಲ್ಲೇ ಮಂಚಿಕೆ ಹಾಕಿಕೊಂಡು, ತಗಡಿನ ಡಬ್ಬಿ ಬಡಿದು ಹಂದಿ ಓಡಿಸಿದರು. ಒಂದಿಷ್ಟು ಶೇಂಗಾ ಉಳಿಯಿತು. ಚಳಿಗೆ ಹಿಡಿದ ಕೆಮ್ಮು ಮಾತ್ರ ಅವರನ್ನು ಬಿಡಲಿಲ್ಲ. ಬೇಟೆಯಲ್ಲಿ ನುಂಗಿಕೊಂಡ ಕೆಮ್ಮನ್ನೆಲ್ಲ ಈಗ ತೀರಿಸುತ್ತಿದ್ದಾರೆ ಎಂದು ಅತ್ತೆ ಹಂಗಿಸುತ್ತಲೇ ಬಿಸಿನೀರು ಕಾಸಿ ಕೊಡುತ್ತಿದ್ದರು. ಗೂಡನ್ನು ಮತ್ತೆ ಯಾರೂ ಕಟ್ಟಲಿಲ್ಲ. ಕಲ್ಲು ಅಲ್ಲೇ ಇದ್ದವು, ಆದರೆ ಹೊರುವವರು ಬೇಕಲ್ಲ. ಮಿಲ್ಟ್ರಿಯವನ ಜೀಪಿನ ಗೆಳೆಯರೂ ಬರುವುದು ನಿಂತಿತು.

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಮಾವನವರು ತೀರಿಕೊಂಡರು. ಹೊಲದ ಮೇಲಂಚಿನಲ್ಲಿ, ಆ ಸಂದಿನ ಕೆಳಗೇ ಮಣ್ಣು ಮಾಡಿ, ಮೇಲೆ ಗುಡ್ಡದ ಕಲ್ಲು ಪೇರಿಸಿದೆವು. ನನ್ನ ಮಕ್ಕಳು ಅಪ್ಪನ ಕೈ ಹಿಡಿದು ಆ ಕಲ್ಲುಗಳಿಗೆ ಸುತ್ತು ಬರುತ್ತಿದ್ದಾಗ, ಆ ಕೈ ಇವತ್ತು ಅಲ್ಲಿ ಇರುವುದು ಯಾರಿಂದ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಬದುಕಿದ್ದಾಗ ಅವರಿಗೆ ಅದನ್ನು ಹೇಳಲು ಅವರೇ ಬಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದೆವು. ನಾನು ಎಲ್ಲರಿಗಿಂತ ಮುಂದೆ ನಡೆದಿದ್ದೆ. ನೋಡಿದರೆ, ತಲೆಯ ದಿಕ್ಕಿನ ಕಲ್ಲುಸಂದಿಯಲ್ಲಿ ಒಂದು ಹಸಿ ತಂಗಡಿ ಟೊಂಗೆ. ಕೆಳಗೆ ಮಣ್ಣಿನಲ್ಲಿ ಮೊಳೆ ಹೊಡೆದ ಬೂಟಿನ ಗುರುತು. ನನ್ನ ಮೈಯೆಲ್ಲ ಉರಿದುಹೋಯಿತು. ಎಷ್ಟು ದಿನ ನಸುಕಿನಲ್ಲಿ ಇವನ ಟೊಂಗೆ ನಮ್ಮ ಮುದುಕನನ್ನು ಬರಿಗೈಲಿ ಇಳಿಸಿತ್ತು! ಕಿತ್ತೆಸೆಯಬೇಕೆಂದು ಕೈ ಚಾಚಿದೆ.

ಎಲೆ ಹಸಿರಾಗಿತ್ತು.

ಕೈ ಹಿಂದಕ್ಕೆ ತೆಗೆದುಕೊಂಡೆ. ಹಿಂದಿನಿಂದ ನಮ್ಮ ಮನೆಯವರು ಹಾಲಿನ ತಂಬಿಗೆ ಹಿಡಿದು, ಯಾರೊಂದಿಗೋ ಗಟ್ಟಿಯಾಗಿ ಮಾತಾಡುತ್ತ ಬರುತ್ತಿದ್ದರು. ಸುಮ್ಮನಿರುವಂತೆ ಕೈ ಮಾಡಿದೆ.

"ಯಾಕ?" ಎಂದರು.

"ಒಳಗ ಅದಾರ" ಎಂದೆ.