ಬ್ಲೀಚ್ ನೀರಿಗೆ ಬಿದ್ದ ಲೋಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾ ಕೇಂದ್ರದ ನೆಲಮಹಡಿಯಲ್ಲಿ ರಕ್ತದ ಕೊಳವೆಗಳನ್ನು ಗಿರಗಿರನೆ ತಿರುಗಿಸಿ ಪದರ ಬೇರ್ಪಡಿಸುವ ಯಂತ್ರ ಗುಂಯ್‌ಗುಟ್ಟಿ ನಿಲ್ಲುತ್ತದೆ. ಅವಳು ಕೊಳವೆಯನ್ನು ದೀಪಕ್ಕೆ ಹಿಡಿಯುತ್ತಾಳೆ. ಕೆಳಗೆ ಕೆಂಪು, ಮೇಲೆ ಹಳದಿ, ನಡುವೆ ಮಂಜಿನಂಥ ತೆಳುಪದರ. ಕೈ ನಡುಗದಂತೆ ಆ ಪದರವನ್ನಷ್ಟೇ ಹೀರಿ ತೆಗೆಯುವುದು ಅವಳ ಕೆಲಸ. ಇಲ್ಲಿ ಎಲ್ಲರ ಬಾಯಲ್ಲೂ ಅವಳು ‘ಲ್ಯಾಬ್ ಅಕ್ಕ’. ಅಚ್ಚಾಗುವ ವರದಿಗಳಲ್ಲಿ ಅವಳ ಹೆಸರಿರುವುದಿಲ್ಲ.

ಆ ಪದರದಲ್ಲಿ ಬಿ ಕೋಶಗಳಿವೆ, ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು. ಎಚ್‌ಐವಿ ನುಗ್ಗುವುದು ಮುಖ್ಯವಾಗಿ ಇವುಗಳೊಳಕ್ಕಲ್ಲ, ಇವಕ್ಕೆ ನೆರವಾಗುವ ಟಿ ಕೋಶಗಳೊಳಕ್ಕೆ. ಆದರೂ ಇವು ಹಾಳಾಗುತ್ತವೆ.

“ಆ ವೈರಸ್ಸು ಇವನ್ನ ತೆಪ್ಪಗಿರೋಕೆ ಬಿಡಲ್ಲ,” ಎನ್ನುತ್ತಾಳೆ. “ಕೆರಳಿಸ್ತಾನೇ ಇರುತ್ತೆ. ಇವು ರಾಶಿರಾಶಿ ಪ್ರತಿಕಾಯ ಸುರೀತವೆ, ಬಹಳಷ್ಟು ಕೆಲಸಕ್ಕೆ ಬಾರದ್ದು. ಕೊನೆಗೆ ಸುಸ್ತಾಗ್ತವೆ. ಹಳೇ ರೋಗ ನೆನಪಿಟ್ಟುಕೊಳ್ಳೋ ಕೋಶಗಳು ಕಮ್ಮಿಯಾಗ್ತವೆ. ಲಸಿಕೆ ಹಾಕಿದ್ರೂ ಸರಿಯಾಗಿ ಹತ್ತಲ್ಲ.” ವೈರಸ್ಸನ್ನು ಹತ್ತಿಕ್ಕುವ ಮಾತ್ರೆ ಬೇಗ ಶುರುವಾದರೆ ಬಹಳ ಮಟ್ಟಿಗೆ ಸುಧಾರಿಸುತ್ತದೆ, ಪೂರ್ತಿ ಅಲ್ಲ.

ಇಷ್ಟೆಲ್ಲ ಬಲ್ಲವಳು ಮನೆಯಲ್ಲಿ ಮಾಡಿದ್ದೇ ಬೇರೆ. ಅವಳ ತಮ್ಮ ಬಡಗಿ. ಅವನಿಗೆ ಎಚ್‌ಐವಿ ಇದೆ. ಕಳೆದ ಚಳಿಗಾಲ ಊಟಕ್ಕೆ ಬಂದಿದ್ದ. ಅವನು ಕೈತೊಳೆಯಲು ಎದ್ದದ್ದೇ ತಡ, ಅವನು ಕುಡಿದ ಲೋಟವನ್ನು ರೋಗಾಣು ಕೊಲ್ಲುವ ಬ್ಲೀಚ್ ನೀರಿಗೆ ಹಾಕಿದಳು, ಲ್ಯಾಬಿನಲ್ಲಿ ರಕ್ತ ತಾಗಿದ ಗಾಜಿಗೆ ಮಾಡುವ ಹಾಗೆ. ಎಂಜಲಿನಿಂದ ಇದು ಅಂಟುವುದಿಲ್ಲ ಎಂದು ಬಂದವರಿಗೆಲ್ಲ ಧೈರ್ಯ ಹೇಳುವವಳೂ ಅವಳೇ. ಬಾಗಿಲಲ್ಲಿ ನಿಂತು ತಮ್ಮ ಅದನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಮನೆಯತ್ತ ಸುಳಿದಿಲ್ಲ.

“ಅಭ್ಯಾಸಬಲ, ಕೈ ತಾನಾಗೇ ಹೋಯ್ತು ಅನ್ಬೋದು,” ಅವಳು ತಲೆ ಎತ್ತುವುದಿಲ್ಲ. “ಸುಳ್ಳು. ಹೆದರಿದ್ದೆ.”

ಸಂಶೋಧನೆಗೆ ರಕ್ತ ಕೊಡುವವರಲ್ಲಿ ಅವನೂ ಒಬ್ಬ. ಇವತ್ತು ಅವನ ಸರದಿ. ತಲೆಯಲ್ಲಿನ್ನೂ ನಿನ್ನೆಯ ಕೆಲಸದ ಮರದ ಹೊಟ್ಟು, ನೇರ ಬಂದು ಅವಳೆದುರು ಕೂರುತ್ತಾನೆ.

“ಬೇರೆಯವರನ್ನ ಕರೀಲೇನೋ?”

“ಯಾಕಕ್ಕ, ಚುಚ್ಚೋದು ನಿಂಗೆ ಹೊಸದಾ?”

ಸೂಜಿ ಇಳಿಯುತ್ತದೆ. ಅವನೇ ಮಾತು ತೆಗೆಯುತ್ತಾನೆ. “ಡಾಕ್ಟರು ಹೇಳಿದ್ರು, ನನ್ನ ಕೋಶಗಳು ಸುಮ್ಮಸುಮ್ಮನೆ ಎಗರಾಡ್ತವಂತೆ. ಥೇಟ್ ನಮ್ಮಕ್ಕನ ಬುದ್ಧಿ ಅಂದೆ.”

ಅವಳಿಗೆ ನಗುವುದಕ್ಕೂ ಮುಖವಿಲ್ಲ. ಹತ್ತಿ ಅಂಟಿಸಿ, ಕೈಗವಸು ಕಳಚಿ, ಅವನನ್ನು ಹೊರಗಿನ ಮೆಟ್ಟಿಲಿಗೆ ಕರೆದೊಯ್ಯುತ್ತಾಳೆ. ಅವಳ ಫ್ಲಾಸ್ಕಿಗಿರುವುದು ಒಂದೇ ಮುಚ್ಚಳ, ದಿನಾ ಅವಳು ಕುಡಿಯುವ ಲೋಟವೂ ಅದೇ. ಅದರಲ್ಲೇ ಚಹಾ ಬಗ್ಗಿಸಿ ಕೊಡುತ್ತಾಳೆ. ಅವನು ಕುಡಿಯುತ್ತಾನೆ. ಕುಡಿದವನೇ ಎದ್ದು ಅಂಗಳದ ನಲ್ಲಿಯಲ್ಲಿ ಮುಚ್ಚಳವನ್ನು ಉಜ್ಜಿ ಉಜ್ಜಿ ತೊಳೆದು, ಅವಳ ಪಕ್ಕ ಬೋರಲಿಟ್ಟು, ಕೆಲಸಕ್ಕೆ ಹೊರಡುತ್ತಾನೆ.

ಅವಳು ಆ ಒದ್ದೆ ಮುಚ್ಚಳವನ್ನೇ ನೋಡುತ್ತ ಕೂರುತ್ತಾಳೆ.

“ಚಿಕ್ಕವನಿದ್ದಾಗ ಕುಡಿದ ಲೋಟ ಕುಡಿದಲ್ಲೇ ಬಿಟ್ಟು ಓಡ್ತಿದ್ದ. ಬೈದು ಬೈದು ಸಾಕಾಗ್ತಿತ್ತು. ಈಗ ನಂಗೆ ಬೇಕಾಗಿರೋದು ಅಷ್ಟೇ. ಮನೆಗೆ ಬರ್ಲಿ, ಕುಡೀಲಿ, ಲೋಟ ಅಲ್ಲೇ ಬಿಟ್ಟು ಎದ್ದು ಹೋಗ್ಲಿ.”